ದಿವಂಗತ ಮಾಲೀಕ

ನಾನು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಶಿವಮೊಗ್ಗದ ಕೋರ್ಟಿನ ವರಾಂಡದಲ್ಲಿ, 2018ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಭದ್ರಾವತಿಯ ಅಡುಗೆ ಭಟ್ಟರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವಾ? ನೀವು ಹೋಗಿ ಮೂರು ವರ್ಷ ಆಯ್ತು ಅಂದಿದ್ರಲ್ಲ!" ಎಂದರು. ದನಿಯಲ್ಲಿ ಸಂತೋಷಕ್ಕಿಂತ ಆಕ್ಷೇಪಣೆಯೇ ಹೆಚ್ಚಾಗಿತ್ತು. ಆ ಮೂರೂ ವರ್ಷ ಅವರು ನನ್ನ ಹೆಸರಿನಲ್ಲಿ ಶ್ರಾದ್ಧದಷ್ಟೇ ತಪ್ಪದೆ ಒಂದು ಕಾರ್ಯ ನಡೆಸಿಕೊಂಡು ಬಂದಿದ್ದರು. ಅದೇನೆಂದು ಹೇಳುವ ಮೊದಲು ಕಾರಿನ ಕಥೆ ಹೇಳಬೇಕು.

ಕಾರು ಮಾರುತಿ 800. ಬಿಳಿ ಬಣ್ಣ. 2003ರಲ್ಲಿ ಬ್ಯಾಂಕಿನ ಸಾಲ ಮಾಡಿ ಹೊಸದನ್ನೇ ಕೊಂಡಿದ್ದೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ವಿಭಕ್ತಿ ಪ್ರತ್ಯಯಗಳ ಬಲದಿಂದ ಕಾರು ಕೊಂಡವರು ಊರಲ್ಲಿ ಕಡಿಮೆ ಎಂದು ಸಹೋದ್ಯೋಗಿಗಳು ಗೇಲಿ ಮಾಡಿದ್ದುಂಟು. ಹನ್ನೊಂದು ವರ್ಷ ಆ ಕಾರು ನಮ್ಮ ಮನೆಯ ಸದಸ್ಯನಂತೆಯೇ ಇತ್ತು, ಅಂದರೆ ದಿನಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಆಗುಂಬೆ ಘಾಟಿಯಲ್ಲಿ ಎರಡು ಸಲ ಬಿಸಿಯಾಗಿ ಕೂತಿತ್ತು. ಮಳೆಗಾಲದಲ್ಲಿ ಎಡಗಡೆಯ ವೈಪರ್ ಮಾತ್ರ ಆಡುತ್ತಿತ್ತು, ಓಡಿಸುವವನು ಬಲಗಡೆ ಕೂರುತ್ತಾನೆ ಎಂಬುದು ಅದಕ್ಕೆ ಯಾವತ್ತೂ ಮುಖ್ಯವಾಗಲಿಲ್ಲ.

2014ರ ಜನವರಿಯಲ್ಲಿ ಮಾರುತಿ 800ರ ತಯಾರಿಕೆಯೇ ನಿಂತಿತು. ಪತ್ರಿಕೆಯಲ್ಲಿ ಓದಿ ನನ್ನಾಕೆ, "ಮಾಡೋರೇ ಕೈಬಿಟ್ಟರಂತೆ, ನೀವು ಯಾವಾಗ?" ಎಂದಳು. ಅದೇ ಪತ್ರಿಕೆಯಲ್ಲಿ ಹರ್ಪಾಲ್ ಸಿಂಗ್ ಎನ್ನುವವರ ವಿಷಯವೂ ಇತ್ತು. 1983ರ ಡಿಸೆಂಬರ್ 14ರಂದು ದೇಶದ ಮೊಟ್ಟಮೊದಲ ಮಾರುತಿ 800ರ ಕೀಲಿಕೈಯನ್ನು ಇಂದಿರಾ ಗಾಂಧಿಯವರ ಕೈಯಿಂದ ಪಡೆದ ದೆಹಲಿಯ ಮನುಷ್ಯ. 2010ರಲ್ಲಿ ಸಾಯುವ ತನಕ ಆ ಕಾರನ್ನು ಮಾರದೆ ಇಟ್ಟುಕೊಂಡಿದ್ದರಂತೆ. ಆಗ ಅದನ್ನು ಬರೀ ಮೋಹ ಎಂದುಕೊಂಡಿದ್ದೆ. ಈಗ ಅನಿಸುತ್ತದೆ, ಕಾನೂನಿನ ದೃಷ್ಟಿಯಿಂದ ಕಾರು ಇಟ್ಟುಕೊಂಡಿರುವುದರಲ್ಲಿ ಅವರಷ್ಟು ನಿಶ್ಚಿಂತನಾಗಿದ್ದವನು ಇನ್ನೊಬ್ಬನಿರಲಿಕ್ಕಿಲ್ಲ. ಕಾರು ಅವರದು, ಹೆಸರೂ ಅವರದು, ಓಡಿಸಿದವರೂ ಅವರೇ.

ಜುಲೈನಲ್ಲಿ ಒಬ್ಬ ಬ್ರೋಕರ್ ಬಂದ. ಬಾನೆಟ್ ಎತ್ತಿ, ಇಂಜಿನ್ನಿನ ಹೊಗೆ ಮೂಸಿ, ಬಾಗಿಲನ್ನು ನಾಲ್ಕು ಸಲ ತೆಗೆದು ಹಾಕಿ, ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಎದ್ದಂತೆ ಎದ್ದ. ಚೌಕಾಶಿ ಮುಗಿಯಿತು. ದುಡ್ಡು ಎಣಿಸಿಕೊಟ್ಟ. ಎರಡು ಜೊತೆ ಫಾರಂ ಮುಂದಿಟ್ಟ. ಒಂದು 29, ಇನ್ನೊಂದು 30. "ಇಲ್ಲಿ, ಇಲ್ಲಿ, ಇಲ್ಲಿ" ಎಂದು ಪೆನ್ಸಿಲ್ಲಿನಿಂದ ಗುರುತು ಹಾಕಿ ತೋರಿಸಿದ. ಕೊಂಡವನ ಹೆಸರಿನ ಜಾಗ ಖಾಲಿಯಿತ್ತು. ತಾರೀಖಿನ ಜಾಗವೂ ಖಾಲಿ. ಕೇಳಿದೆ. "ಪಾರ್ಟಿ ಸೆಟ್ ಆದ ಮೇಲೆ ತುಂಬಿಕೊಳ್ತೀವಿ ಸಾರ್, ಎಲ್ಲಾ ಹಾಗೇ ಮಾಡೋದು" ಎಂದ. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋದರೆ ಕೆಂಪು ಗೀಟು ಹಾಕುವ ಮನುಷ್ಯ ನಾನು. ಇಡೀ ವಾಕ್ಯವೇ ಖಾಲಿಯಿದ್ದ ಕಾಗದಕ್ಕೆ ಆರು ಕಡೆ ಸಹಿ ಹಾಕಿ, ಎರಡು ಪಾಸ್‌ಪೋರ್ಟ್ ಅಳತೆಯ ಫೋಟೋವನ್ನೂ ಕೊಟ್ಟು, ಮೇಲೆ ಕಾಫಿ ಕುಡಿಸಿ ಕಳಿಸಿದೆ.

ಛಾಪಾ ಕಾಗದದ ಮೇಲೆ ಡೆಲಿವರಿ ನೋಟನ್ನೂ ಮಾಡಿಸಿಕೊಂಡಿದ್ದೆನಲ್ಲ ಎಂಬ ಧೈರ್ಯ. 'ಈ ದಿನ ಸಂಜೆ 5-30 ಗಂಟೆಯಿಂದ ಸದರಿ ವಾಹನದಿಂದ ಆಗುವ ಯಾವುದೇ ಅಪಘಾತ, ಕೇಸು, ದಂಡ ಇತ್ಯಾದಿಗಳಿಗೆ ಕೊಂಡವರೇ ಜವಾಬ್ದಾರರು.' ಗಂಟೆ ಸಮೇತ ಬರೆದದ್ದು ನೋಡಿ ನನಗೆ ಬಹಳ ನೆಮ್ಮದಿಯಾಗಿತ್ತು. 5-29ಕ್ಕೆ ಆಗುವುದು ನನ್ನದು, 5-31ಕ್ಕೆ ಆಗುವುದು ಅವನದು. ಇದಕ್ಕಿಂತ ಸ್ಪಷ್ಟವಾದ ಗದ್ಯವನ್ನು ನಮ್ಮ ನವೋದಯದವರೂ ಬರೆದಿಲ್ಲ.

ಬ್ರೋಕರುಗಳು ಆರ್.ಸಿ.ಯಲ್ಲಿ ಹೆಸರು ಬದಲಾಯಿಸುವುದನ್ನು ಯಾಕೆ ಮುಂದೂಡುತ್ತಾರೆ ಎಂಬುದು ಆಮೇಲೆ ತಿಳಿಯಿತು. ಒಂದೊಂದು ಹೆಸರು ಬದಲಾದ ಹಾಗೂ ಗಾಡಿಯ ಬೆಲೆ ಇಳಿಯುತ್ತದೆ. 'ಸಿಂಗಲ್ ಓನರ್' ಎಂಬ ಎರಡು ಶಬ್ದಕ್ಕೆ ಹಳೆ ಗಾಡಿಗಳ ಪೇಟೆಯಲ್ಲಿ ಇರುವ ಮರ್ಯಾದೆ ಏಕಪತ್ನೀವ್ರತಕ್ಕೆ ರಾಮಾಯಣದಲ್ಲಿ ಇರುವಷ್ಟೇ ಇದೆ. ಅದಕ್ಕೆಂದೇ ಸಹಿ ಮಾಡಿದ ಖಾಲಿ ಫಾರಮ್ಮು ಗಾಡಿಯ ಜೊತೆಗೇ ಕೈಯಿಂದ ಕೈಗೆ ಹೋಗುತ್ತದೆ. ಗಾಡಿ ನಾಲ್ಕು ಊರು ಸುತ್ತಿದರೂ ಕಾಗದದಲ್ಲಿ ಅದು ಇನ್ನೂ ಮೇಷ್ಟ್ರ ಮನೆಯ ಅಂಗಳದಲ್ಲೇ ನಿಂತಿರುತ್ತದೆ. "ಕಾಲೇಜು ಮೇಷ್ಟ್ರ ಗಾಡಿ ಸಾರ್, 40 ದಾಟಿಸಿದವರಲ್ಲ" ಎಂದು ನನ್ನ ಹೆಸರು ಹೇಳಿಕೊಂಡೇ ಅದನ್ನು ಮೂರು ಕೈ ದಾಟಿಸಿದ್ದರು.

2018ರ ಜನವರಿ. ನನ್ನಾಕೆ ಜಗಲಿಯಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದಳು. "ರೀ, ಕೋರ್ಟಿನಿಂದ ಯಾರೋ ಬಂದಿದಾರೆ" ಎಂದು ಕರೆದಳು. ಅಮೀನ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ನಿಂತಿದ್ದ. ನೋಟಿಸು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯದು. ನವೆಂಬರಿನ ಒಂದು ನಸುಕಿನಲ್ಲಿ ಗಾಂಧಿ ಬಜಾರಿನ ಕಡೆಗೆ ಹೂವಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳಿಗೆ ಒಂದು ಮಾರುತಿ ಕಾರು ಗುದ್ದಿತ್ತು. ಒಂದನೇ ಪ್ರತಿವಾದಿ ಚಾಲಕ. ಎರಡನೇ ಪ್ರತಿವಾದಿ ಮಾಲೀಕ. ಮಾಲೀಕನ ಹೆಸರಿನ ಮುಂದೆ ನನ್ನ ಹೆಸರು, ನನ್ನ ತಂದೆಯ ಹೆಸರು, ವಿನೋಬನಗರದ ನನ್ನ ವಿಳಾಸ.

"ಮಾರಿ ಮೂರೂವರೆ ವರ್ಷ ಆಯ್ತಲ್ಲಪ್ಪ" ಎಂದೆ.

"ಅದನ್ನ ಜಡ್ಜ್ ಹತ್ರ ಹೇಳಿ ಸಾರ್. ಇಲ್ಲೊಂದು ಸಹಿ ಹಾಕಿ" ಎಂದ. ಈ ಸಲ ಕಾಗದ ಪೂರ್ತಿ ಓದಿ ಸಹಿ ಹಾಕಿದೆ. ಹಾಗೆ ಓದಿದ್ದರಿಂದ ಪ್ರಯೋಜನವೇನೂ ಆಗಲಿಲ್ಲ.

ನಮ್ಮ ವಕೀಲರು ನನ್ನ ಹಳೆಯ ವಿದ್ಯಾರ್ಥಿ. ವ್ಯಾಕರಣದಲ್ಲಿ ಕಷ್ಟಪಟ್ಟು ಪಾಸಾದವರು. ಡೆಲಿವರಿ ನೋಟನ್ನು ಅವರ ಮೇಜಿನ ಮೇಲೆ ಗೆದ್ದ ಕುಸ್ತಿಪಟುವಿನ ಹಾಗೆ ಇಟ್ಟೆ. ಅವರು ಅದನ್ನು ಓದಿ, ಮಡಿಸಿ, ಮೇಜಿನ ಗಾಜಿನ ಕೆಳಗೆ ತಿರುಪತಿ ವೆಂಕಟರಮಣನ ಪಟದ ಪಕ್ಕಕ್ಕೆ ಸರಿಸಿದರು. "ಸಾರ್, ಇದು ನಿಮಗೂ ಆ ಬ್ರೋಕರಿಗೂ ನಡುವಿನ ಮಾತು. ನೀವು ದುಡ್ಡು ಕಟ್ಟಬೇಕಾಗಿ ಬಂದರೆ ಆಮೇಲೆ ಅವನ ಮೇಲೆ ಹೋಗುವುದಕ್ಕೆ ಉಪಯೋಗಕ್ಕೆ ಬರುತ್ತೆ. ಗುದ್ದಿಸಿಕೊಂಡವಳು ಇದಕ್ಕೆ ಸಹಿ ಹಾಕಿಲ್ಲವಲ್ಲ" ಎಂದರು.

ಆಮೇಲೆ ನನಗೆ ಪಾಠ ಶುರುವಾಯಿತು. 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಮಿನ 30ನೇ ಉಪಕಲಮು: ಮಾಲೀಕನೆಂದರೆ ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವನು. ಹಳೆಯ 1939ರ ಕಾಯ್ದೆಯಲ್ಲಿ ಇಷ್ಟು ನೇರವಾಗಿ ಇರಲಿಲ್ಲ, ಹೊಸದರಲ್ಲಿ ಗಟ್ಟಿ ಮಾಡಿಬಿಟ್ಟಿದ್ದಾರೆ. 50ನೇ ಕಲಮಿನ ಪ್ರಕಾರ ಗಾಡಿ ಮಾರಿದವನು 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಕೊಂಡವನಿಗೆ 30 ದಿನ. ಮಾರಿದವನು ತಿಳಿಸುವ ಕಾಗದವೇ ಫಾರಂ 29. ನಾನು ಆರು ಕಡೆ ಸಹಿ ಹಾಕಿ ಕೈಬಿಟ್ಟದ್ದರಲ್ಲಿ ಅದೂ ಒಂದು. ಅದನ್ನು ನಾನೇ ಕೊಂಡೊಯ್ದು ಕಚೇರಿಗೆ ಕೊಡಬೇಕಾಗಿತ್ತು. ಬ್ರೋಕರಿನ ಜೇಬಿಗೆ ಕೊಟ್ಟಿದ್ದೆ.

ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿಕೊಟ್ಟದ್ದು ಇದನ್ನೇ. ಪಂಚಮಿಗೆ 'ದೆಸೆಯಿಂದ', ಷಷ್ಠಿಗೆ 'ಅ'. ಕಾರು ನನ್ನ ದೆಸೆಯಿಂದ ಹೋಗಿತ್ತು, ಪಂಚಮಿ ಮುಗಿದಿತ್ತು. ಷಷ್ಠಿ ಮಾತ್ರ ಹಾಗೇ ಉಳಿದುಬಿಟ್ಟಿತ್ತು. 'ನನ್ನ' ಕಾರು.

ಆದರೂ ವಕೀಲರು ಕೈಚೆಲ್ಲಿರಲಿಲ್ಲ. ಗಾಡಿ ಯಾರ ವಶದಲ್ಲಿತ್ತು, ಯಾರ ಹತೋಟಿಯಲ್ಲಿತ್ತು ಎಂಬುದನ್ನೇ ಮುಖ್ಯವಾಗಿ ನೋಡಿ ಹಳೆಯ ಮಾಲೀಕನನ್ನು ಬಿಟ್ಟ ಹೈಕೋರ್ಟ್ ತೀರ್ಪುಗಳಿದ್ದವು. "ಅದೇ ದಾರಿ ಹಿಡಿಯೋಣ" ಎಂದು ಉತ್ತರ ಸಿದ್ಧ ಮಾಡುತ್ತಿದ್ದರು. ನನ್ನ ಗ್ರಹಚಾರ ನೋಡಿ, ಸರಿಯಾಗಿ ಅದೇ ಹೊತ್ತಿಗೆ, 2018ರ ಫೆಬ್ರವರಿ 6ರಂದು, ಸುಪ್ರೀಂ ಕೋರ್ಟಿನಿಂದ ಒಂದು ತೀರ್ಪು ಬಂತು. ಮೂವರು ನ್ಯಾಯಮೂರ್ತಿಗಳ ಪೀಠ. ಬರೆದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಉತ್ತರದ ಕಡೆಯ ಒಂದು ಮಾರುತಿ ಕಾರಿನ ಪ್ರಕರಣವೇ ಅದು. ಮಾಲೀಕ 2007ರ ಜುಲೈನಲ್ಲಿ ಮಾರಿದ್ದ. ಅಲ್ಲಿಂದ ಗಾಡಿ ಕೈಯಿಂದ ಕೈಗೆ ಹೋಗಿತ್ತು. 2009ರ ಮೇ 27ರಂದು ರಿವರ್ಸ್ ತೆಗೆಯುವಾಗ ಒಬ್ಬ ಹೆಂಗಸಿಗೂ ಜೊತೆಯಲ್ಲಿದ್ದ ಸೋದರಳಿಯನಿಗೂ ಗುದ್ದಿತು. ಹುಡುಗ ತೀರಿಕೊಂಡ. ಕಾರಿಗೆ ವಿಮೆ ಇರಲಿಲ್ಲ. ನ್ಯಾಯಮಂಡಳಿ ಚಾಲಕನ ಜೊತೆಗೆ ಆರ್.ಸಿ.ಯಲ್ಲಿ ಹೆಸರಿದ್ದವನನ್ನೂ ಹೊಣೆ ಮಾಡಿತ್ತು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್, ಅವನು ಮಾರಿಯಾಗಿದೆ ಎಂದು ಅವನನ್ನು ಬಿಟ್ಟಿತು. ಸುಪ್ರೀಂ ಕೋರ್ಟ್ ಮತ್ತೆ ಅವನನ್ನೇ ಹಿಡಿಯಿತು. ಗಾಯಗೊಂಡವರನ್ನು, ಸತ್ತವರ ಮನೆಯವರನ್ನು, ನೋಂದಣಿಯಾಗದ ವ್ಯಾಪಾರಗಳ ಜಾಡು ಹಿಡಿದು ಒಬ್ಬರಿಂದ ಒಬ್ಬರ ಮನೆಗೆ ಅಲೆಸುವಂತಿಲ್ಲ ಎಂಬುದು ಅದರ ತಾತ್ಪರ್ಯ.

ವಕೀಲರು ಫೋನಿನಲ್ಲಿ ಇದನ್ನು ಓದಿ ಹೇಳಿದಾಗ ನನಗೆ ಆ ಪೀಠದ ಮೇಲೆ ಕೋಪವೇ ಬಂದಿತ್ತು. ಮೂರೂವರೆ ವರ್ಷ ನೋಡದ ಕಾರು, ಕಾಣದ ಚಾಲಕ, ನಾನು ಹಾಸಿಗೆಯಲ್ಲಿ ಮಲಗಿದ್ದ ಹೊತ್ತು. ಇದು ಯಾವ ನ್ಯಾಯ?

ಆಗಲೇ ನನಗೆ ಅಜ್ಜನ ಗೌರಿ ನೆನಪಾದದ್ದು. ಗೌರಿ ಎಂದರೆ ದನ. ಸಾಗರ ಸೀಮೆಯ ನಮ್ಮೂರಲ್ಲಿ ದನ ಮಾರಿದರೆ ಕಣ್ಣಿ ಕೊಡುತ್ತಿರಲಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ನಮ್ಮ ಹಗ್ಗ ಹೋದರೆ ಕೊಟ್ಟಿಗೆಯ ಭಾಗ್ಯವೂ ಅದರ ಹಿಂದೆಯೇ ಹೋಗುತ್ತದೆ ಎಂಬ ನಂಬಿಕೆ. ಅಜ್ಜ ಹಗ್ಗವನ್ನು ಜೋಪಾನವಾಗಿ ಬಿಚ್ಚಿಟ್ಟುಕೊಂಡ. ಕೊರಳಿನ ಗಂಟೆ ಬಿಚ್ಚುವುದನ್ನು ಮರೆತ. ಎಂಟು ದಿನಕ್ಕೆ ಗೌರಿ ಹೊಸ ಮನೆಯ ಹಗ್ಗ ಹರಿದುಕೊಂಡು ರಾತ್ರಿ ವಾಪಸು ಹೊರಟಿತು. ದಾರಿಯಲ್ಲಿ ಹಸಿವಾಗಿ ಪಕ್ಕದ ಊರಿನ ಒಬ್ಬ ಹೆಂಗಸಿನ ಅಗೆಮಡಿಗೆ ನುಗ್ಗಿ ಅರ್ಧ ಸಸಿ ಮೇಯ್ದಿತು. ಬೆಳಿಗ್ಗೆ ಅವಳು ನಮ್ಮ ಅಂಗಳದಲ್ಲಿ. "ಮಾರಿ ಎಂಟು ದಿನ ಆತಲ್ಲೇ" ಎಂದ ಅಜ್ಜ. "ಕತ್ತಲಲ್ಲಿ ನಂಗೆ ಮುಖ ಕಂಡಿಲ್ಲ ಒಡೆಯಾ. ಗಂಟೆ ಕೇಳಿತು. ಗಂಟೆ ನಿಮ್ಮದು" ಎಂದಳು. ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಒಳಗೆ ಹೋಗಿ ಎರಡು ಕೊಳಗ ಬೀಜದ ಭತ್ತ ಅಳೆದುಕೊಟ್ಟ. ಕೊಂಡವನ ಹತ್ತಿರ ಅದನ್ನು ವಸೂಲಿ ಮಾಡಿದನೋ ಇಲ್ಲವೋ ನನಗೆ ನೆನಪಿಲ್ಲ. ಗಂಟೆಯನ್ನಂತೂ ಅವತ್ತೇ ಹೋಗಿ ಬಿಚ್ಚಿ ತಂದ.

ಆರ್.ಟಿ.ಓ. ದಫ್ತರದಲ್ಲಿ ನನ್ನ ಹೆಸರು ಅದೇ ಗಂಟೆ. ನಸುಕಿನಲ್ಲಿ ಗುದ್ದಿಸಿಕೊಂಡು ಬಿದ್ದವಳಿಗೆ ಕಾಣುವುದು ಒಂದು ನಂಬರ್ ಪ್ಲೇಟು. ಆ ನಂಬರು ಹೇಳುವುದು ಒಂದು ಹೆಸರು. ಅವಳು ಬೇರೆ ಯಾರ ಮನೆಗೆ ಹೋಗಬೇಕು? ಅಜ್ಜನಿಗೆ ಯಾವ ಕಾಯ್ದೆಯೂ ಗೊತ್ತಿರಲಿಲ್ಲ, ಆದರೂ ಚಂದ್ರಚೂಡರ ತೀರ್ಪನ್ನು ಅವನು ಎರಡು ಕೊಳಗ ಭತ್ತದಲ್ಲಿ ಕೊಟ್ಟಿದ್ದ. ನನ್ನ ಕೋಪ ಅರ್ಧಕ್ಕಿಳಿಯಿತು. ಉಳಿದ ಅರ್ಧ, ಎಷ್ಟು ಲಕ್ಷ ಕಟ್ಟಬೇಕಾಗುತ್ತದೋ ಎಂಬ ಹೆದರಿಕೆಯಾಯಿತು.

ಮಾರ್ಚಿನಲ್ಲಿ ಕೋರ್ಟಿಗೆ ಹೋದೆ. ಹೆಸರು ಕೂಗುವ ತನಕ ವರಾಂಡದ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬಳು ಹೆಂಗಸು ಕಡಲೆಕಾಯಿ ಬಿಡಿಸುತ್ತಿದ್ದಳು. ಎಡಗೈಯಿಂದ ಮಾತ್ರ. ಬಲಮೊಣಕೈ ಮಡಚಿದಂತೆಯೇ ಇತ್ತು. "ನಿಮ್ದು ಎಂತ ಕೇಸು ಸಾರ್?" ಎಂದು ಕೇಳಿದಳು. "ಹೀಗೇ ಒಂದು ಗಾಡಿದು" ಎಂದೆ. "ನಂದೂ ಗಾಡಿದೇ. ನೋಡಿ ಇದು" ಎಂದು ಕೈ ತೋರಿಸಿದಳು. ಮೂಳೆ ಕೂಡಿದೆ, ಕೈ ಮಾತ್ರ ಪೂರ್ತಿ ಚಾಚಲು ಬರುವುದಿಲ್ಲ. ಅವಳ ವ್ಯಾಪಾರ ಸೇವಂತಿಗೆ, ಕಾಕಡ. ಹೂವು ಅಳೆಯುವುದು ಮಾರಿನಲ್ಲಿ, ಎರಡೂ ಕೈ ಚಾಚಿದರೆ ಒಂದು ಮಾರು. "ಈಗ ಮಾರು ಹಾಕಕ್ಕೆ ಆಗಲ್ಲ ಸಾರ್. ಹಾಕಿದ್ರೆ ಗಿಡ್ಡ ಬರ್ತದೆ, ಗಿರಾಕಿ ಬೈತಾರೆ. ಎಡಗೈಯಲ್ಲಿ ಮೊಳ ಹಾಕ್ತೀನಿ ಅಷ್ಟೇ." ಒಂದು ಹಿಡಿ ಕಡಲೆಕಾಯಿ ನನ್ನ ಮುಂದೆ ಚಾಚಿದಳು. ಅದೇ ಎಡಗೈ.

ಮಾರು ಎಂಬ ಶಬ್ದಕ್ಕೆ ನಿಘಂಟಿನಲ್ಲಿರುವ ಅರ್ಥಗಳನ್ನೆಲ್ಲ ನಾನು ಕ್ಲಾಸಿನಲ್ಲಿ ಹೇಳಿದ್ದೇನೆ. ನಾನು ಮಾರಿದ್ದು, ಅವಳ ಮಾರು. ಕಡಲೆಕಾಯಿ ತಿಂದೆ. ಅವಳ ಕೇಸಿನ ಎರಡನೇ ಪ್ರತಿವಾದಿ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಒಳಗೆ ಹೆಸರು ಕೂಗಿದಾಗ ನಾವಿಬ್ಬರೂ ಒಟ್ಟಿಗೇ ಎದ್ದದ್ದರಿಂದ ಅವಳಿಗೆ ತಾನಾಗಿಯೇ ಗೊತ್ತಾಯಿತು.

ನಮ್ಮ ಜೊತೆಗೆ ಮೂರನೆಯವರಾಗಿ ಎದ್ದವರು ಅಡುಗೆ ಭಟ್ಟರು. ಒಂದನೇ ಪ್ರತಿವಾದಿ. ನನ್ನ ಕಾರಿನ ಹಿಂದಿನ ಸೀಟು ಕಿತ್ತು, ಅಲ್ಲಿ ಕೊಳದಪ್ಪಲೆ, ಜಾಲರಿ, ಸೌಟು ಪೇರಿಸಿಕೊಂಡು ಮದುವೆ ಮನೆಗಳಿಗೆ ಓಡಾಡುತ್ತಿದ್ದವರು. ಅವತ್ತು ನಸುಕಿನಲ್ಲಿ ಮಂಜು ಬೇರೆ ಇತ್ತು, ಮುಹೂರ್ತಕ್ಕೆ ಮುಂಚೆ ಉಪ್ಪಿಟ್ಟು ಆಗಬೇಕಿತ್ತು, ಎಡಗಡೆಯ ವೈಪರ್ ಮಾತ್ರ ಆಡುತ್ತಿತ್ತು. ಇದನ್ನು ಕೇಳಿ ನಾನು ತಲೆತಗ್ಗಿಸಿದೆ.

ನನ್ನ ಸಾವಿನ ಸುದ್ದಿ ಹುಟ್ಟಿದ್ದು ಹೀಗೆ. ಕಾರು ಕೊಂಡಾಗ ಭಟ್ಟರು ಹೆಸರು ಬದಲಾಯಿಸಿಕೊಡಿ ಎಂದು ಪಟ್ಟು ಹಿಡಿದಿದ್ದರಂತೆ. ಅಷ್ಟು ಹೊತ್ತಿಗೆ ನಾನು ಸಹಿ ಹಾಕಿದ್ದ ಫಾರಂ ಎಲ್ಲೋ ಕಳೆದುಹೋಗಿತ್ತು. ಮಾರಿದವನು, "ಮೇಷ್ಟ್ರು ತೀರಿಕೊಂಡರು ಭಟ್ರೇ, ಈಗ ಸಹಿ ಎಲ್ಲಿಂದ ತರೋದು? ಮಕ್ಕಳು ಅಮೆರಿಕದಲ್ಲಿದ್ದಾರೆ" ಎಂದುಬಿಟ್ಟ. ನನಗಿರುವವಳು ಒಬ್ಬಳೇ ಮಗಳು, ತೀರ್ಥಹಳ್ಳಿಯಲ್ಲಿದ್ದಾಳೆ. ಭಟ್ಟರು ನಂಬಿದರು. ಆದರೆ ರಾತ್ರಿ ಹೊತ್ತು ಓಡಾಡುವ ಗಾಡಿ, ವಿಮೆ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರೆ. ಏಜೆಂಟರನ್ನು ಕೇಳಿದರೆ, ಆರ್.ಸಿ. ಯಾರ ಹೆಸರಿನಲ್ಲಿದೆಯೋ ಪಾಲಿಸಿಯೂ ಅವರ ಹೆಸರಿಗೇ ಎಂದರು. ಹಾಗಾಗಿ 2015, 2016, 2017, ಮೂರು ವರ್ಷವೂ ಭಟ್ಟರು ನನ್ನ ಹೆಸರಿನಲ್ಲಿ ಥರ್ಡ್ ಪಾರ್ಟಿ ಕಂತು ಕಟ್ಟಿದ್ದರು. ಬದುಕಿರುವ ನಾನು ನನ್ನ ಸ್ವಂತ ಗಾಡಿಗೆ ಅಷ್ಟು ಶ್ರದ್ಧೆಯಿಂದ ಕಟ್ಟಿದ್ದಿಲ್ಲ. ಹನ್ನೊಂದು ವರ್ಷದಲ್ಲಿ ಎರಡು ಸಲ ತಪ್ಪಿಸಿಕೊಂಡಿದ್ದೆ.

ಆ ರಸೀದಿ ನೋಡಿ ನಮ್ಮ ವಕೀಲರ ಮುಖ ಹಬ್ಬವಾಯಿತು. ಅಲ್ಲಿಯ ತನಕ 'ಕಾರು ನಮ್ಮದಲ್ಲ' ಎಂದು ಬರೆದಿದ್ದ ಉತ್ತರವನ್ನು ಬದಿಗಿಟ್ಟು 'ಕಾರು ನಮ್ಮದೇ, ವಿಮೆಯೂ ನಮ್ಮದೇ' ಎಂದು ಹೊಸದಾಗಿ ಬರೆದರು. ಸುಳ್ಳೇನಲ್ಲ, ಸುಪ್ರೀಂ ಕೋರ್ಟೇ ಹೇಳಿದೆಯಲ್ಲ. ಮೂರನೇ ಪ್ರತಿವಾದಿ ವಿಮಾ ಕಂಪನಿ. ಅವರ ವಕೀಲರು ಚುರುಕಾದವರು. ಪಾಲಿಸಿದಾರ 2014ರಲ್ಲೇ ಗಾಡಿ ಮಾರಿದ್ದಾನೆ, ಇಲ್ಲದ ಆಸ್ತಿಗೆ ವಿಮೆ ಮಾಡಿಸಿದ್ದಾನೆ, ಆದ್ದರಿಂದ ನಾವು ಕೊಡಬೇಕಾಗಿಲ್ಲ ಎಂದರು. ಇದಕ್ಕೂ ದೆಹಲಿಯಲ್ಲಿ ಉತ್ತರ ಸಿದ್ಧವಿತ್ತು. 1993ರ ಫೆಬ್ರವರಿಯಲ್ಲಿ ಮಾರಿದ ಒಂದು ಲಾರಿ. 1994ರ ಫೆಬ್ರವರಿಯಲ್ಲಿ ಹಳೆಯ ಮಾಲೀಕನ ಹೆಸರಿನಲ್ಲೇ ಪಾಲಿಸಿ. ಅದೇ ವರ್ಷದ ಮೇ ತಿಂಗಳಲ್ಲಿ ಅಪಘಾತ. 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೆಂದರೆ, ಆರ್.ಸಿ.ಯಲ್ಲಿ ಇರುವವನು ಹೊಣೆ, ಅವನ ಹೊಣೆಯನ್ನು ಹೊತ್ತ ವಿಮಾ ಕಂಪನಿಯೂ ಹೊಣೆ. ನನ್ನದೇ ಕಥೆಯನ್ನು ಯಾರೋ ಲಾರಿಯಲ್ಲಿ ಮೊದಲೇ ಆಡಿ ಮುಗಿಸಿದ್ದರು.

ನನ್ನಾಕೆಗೆ ಈ 'ಥರ್ಡ್ ಪಾರ್ಟಿ' ಎಂಬುದು ಬಹಳ ದಿನ ಅರ್ಥವಾಗಲಿಲ್ಲ. ನಮ್ಮಲ್ಲಿ 'ಮೂರನೆಯವರು' ಎಂದರೆ ಮನೆಯ ವಿಷಯ ಗೊತ್ತಾಗಬಾರದವರು. "ಮೂರನೆಯವರ ಮುಂದೆ ಆಡಬೇಡಿ" ಎಂದು ನಾನು ಮಾತಾಡಿದಾಗೆಲ್ಲ ಅವಳು ಕಣ್ಣು ಬಿಡುವುದುಂಟು. ವಿಮೆಯಲ್ಲಿ ಒಂದನೆಯವನು ನಾನು, ಎರಡನೆಯದು ಕಂಪನಿ, ಮೂರನೆಯವನು ದಾರಿಯಲ್ಲಿ ಹೋಗುವ ಯಾರೋ. ಅಲ್ಲಿ ಇಡೀ ಏರ್ಪಾಡು ನಡೆಯುವುದೇ ಆ ಮೂರನೆಯವನಿಗಾಗಿ. ಗಾಡಿ ಮಾರಿದರೆ ಅವನ ಪಾಲಿನ ವಿಮೆ 157ನೇ ಕಲಮಿನ ಪ್ರಕಾರ ತಾನಾಗಿಯೇ ಕೊಂಡವನ ಕೈಗೆ ಹೋದಂತೆ. ಕೊಂಡವನು 14 ದಿನದೊಳಗೆ ಕಂಪನಿಗೆ ಅರ್ಜಿ ಹಾಕಿ ಹೆಸರು ಬದಲಾಯಿಸಿಕೊಳ್ಳಬೇಕು, ಅಷ್ಟೇ. ಗಾಡಿಗೇ ಆದ ಜಖಮ್ಮಿನ ವಿಮೆ ಮಾತ್ರ ಹಾಗೆ ತಾನಾಗಿ ಹೋಗುವುದಿಲ್ಲ. 1990ರ ದಶಕದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿಬಿಟ್ಟಿದೆ. ಗಾಡಿ ಹೆಸರಿಗೆ ಮಾಡಿಸಿಕೊಂಡು ಪಾಲಿಸಿ ಹಳೆಯವರ ಹೆಸರಿನಲ್ಲಿ ಬಿಟ್ಟರೆ, ನಜ್ಜುಗುಜ್ಜಾದ ಬಾನೆಟ್ಟಿಗೆ ಕಾಸು ಹುಟ್ಟುವುದಿಲ್ಲ.

ಆರ್.ಸಿ.ಯಲ್ಲಿ ಹೆಸರಿದ್ದವನೇ ಮಾಲೀಕ ಎಂಬ ತರ್ಕ ವಿಮಾ ಕಂಪನಿಗಳಿಗೂ ಒಮ್ಮೆ ಕೈಕೊಟ್ಟದ್ದುಂಟು. ಒಬ್ಬನ ಲಾರಿ ಅಪಘಾತವಾಯಿತು, ಅವನು ಪರಿಹಾರ ಕೇಳಿದ. ನೀನು ಲಾರಿ ಮಾರಿದ್ದೀಯ, ನಿನಗೇಕೆ ಕೊಡಬೇಕು ಎಂದರು. 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಆರ್.ಸಿ. ಅವನ ಹೆಸರಿನಲ್ಲೇ ಇದೆ, ಕಾಯ್ದೆಯ ಪ್ರಕಾರ ಅವನೇ ಮಾಲೀಕ, ಕೊಡಿ ಎಂದಿತು. ಇದನ್ನು ಓದಿ ನಾನು ಒಂದು ಲೋಟ ಹೆಚ್ಚಿಗೆ ಕಾಫಿ ಕುಡಿದೆ.

ಒಂದು ಅಪವಾದವನ್ನೂ ಹೇಳಿಬಿಡುತ್ತೇನೆ. ಚುನಾವಣೆಗೆಂದು ಸರ್ಕಾರ ನಿಮ್ಮ ಗಾಡಿಯನ್ನು ವಶಕ್ಕೆ ತೆಗೆದುಕೊಂಡು ಓಡಿಸಿ ಯಾರಿಗಾದರೂ ಗುದ್ದಿದರೆ ಆಗ ಹೊಣೆ ಸರ್ಕಾರದ್ದು, ನಿಮ್ಮದಲ್ಲ. ಬೇಡವೆನ್ನಲು ನಿಮಗೆ ಅಧಿಕಾರವೇ ಇರಲಿಲ್ಲವಲ್ಲ. ಬ್ರೋಕರಿಗೆ ಕೊಡುವಾಗ ನನಗೆ ಅಧಿಕಾರವೂ ಇತ್ತು, ಬುದ್ಧಿಯೂ ಇರಬೇಕಾಗಿತ್ತು.

ಮಾರಿ ಎಷ್ಟು ದಿನವಾದರೆ ಬಿಡುಗಡೆ ಎಂದು ಲೆಕ್ಕ ಹಾಕುವವರಿಗೂ ಸಮಾಧಾನವಿಲ್ಲ. ಅದೇ 2018ರ ಡಿಸೆಂಬರಿನಲ್ಲಿ ಇನ್ನೊಂದು ತೀರ್ಪು ಬಂತು. ಕಾರು ಮಾರಿ ತಿಂಗಳು ತುಂಬಿರಲಿಲ್ಲ, ಕೊಂಡವನಿಗೆ ಕಾನೂನು ಕೊಟ್ಟ 30 ದಿನದ ಗಡುವು ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಅಪಘಾತ. ಆದರೂ ಆರ್.ಸಿ.ಯಲ್ಲಿ ಇದ್ದವನೇ ಹೊಣೆ. ದಿನ ಎಣಿಸಿ ಫಲವಿಲ್ಲ, ಹೆಸರು ಬದಲಾಗಬೇಕು.

2019ರ ಕೊನೆಯಲ್ಲಿ ನಮ್ಮ ತೀರ್ಪು ಬಂತು. ನಾನು, ಭಟ್ಟರು, ಕಂಪನಿ 'ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ' ಹೊಣೆ, ಹಣವನ್ನು ಕಂಪನಿ ಠೇವಣಿ ಇಡತಕ್ಕದ್ದು. ಜಂಟಿ ಮತ್ತು ಪ್ರತ್ಯೇಕ ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ವ್ಯಾಕರಣದ ಮೇಷ್ಟ್ರಾಗಿ ಕೇಳಬೇಕೆನಿಸಿತು. ಮದುವೆಯಾಗಿ ಮೂವತ್ತೈದು ವರ್ಷವಾಗಿದೆ, ಸುಮ್ಮನಾದೆ. ಹೂವಿನವಳಿಗೆ ದುಡ್ಡು ಬಂತು. ನನ್ನ ಜೇಬಿನಿಂದ ಹೋದದ್ದು ವಕೀಲರ ಫೀಸು ಮಾತ್ರ. ಅದನ್ನೂ ಅವರು ಗುರುದಕ್ಷಿಣೆ ಎಂದು ಅರ್ಧ ಬಿಟ್ಟರು.

ಆಮೇಲೆ ನಾನೂ ಭಟ್ಟರೂ ಒಟ್ಟಿಗೆ ಆರ್.ಟಿ.ಓ. ಕಚೇರಿಗೆ ಹೋದೆವು. ಹದಿನೈದು ವರ್ಷ ಮುಗಿದಿದ್ದರಿಂದ ನೋಂದಣಿಯನ್ನೂ ಹೊಸದು ಮಾಡಿಸಬೇಕಾಗಿತ್ತು. ಫಾರಂ 29, ಫಾರಂ 30. ಈ ಸಲ ಎಲ್ಲ ಮನೆಗಳನ್ನೂ ಭರ್ತಿ ಮಾಡಿ, ಎರಡು ಸಲ ಓದಿ, ಒಂದು ಕಡೆ ಕಾಗುಣಿತ ತಿದ್ದಿ ಸಹಿ ಹಾಕಿದೆ. ಗುಮಾಸ್ತರು ಸ್ವೀಕೃತಿಯ ಮುದ್ರೆ ಒತ್ತಿದಾಗ ಭಟ್ಟರು, "ಈಗ ನಿಮಗೆ ಮುಕ್ತಿ ಮೇಷ್ಟ್ರೇ" ಎಂದರು. ಮೂರು ವರ್ಷದ ಕಂತಿನ ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಮಗಳ ಮಗುವಿನ ನಾಮಕರಣಕ್ಕೆ ಅವರದೇ ಅಡುಗೆ ಮಾಡಿಸಿದೆ. ಕಾರಿನಲ್ಲೇ ಬಂದಿದ್ದರು. ಎರಡೂ ವೈಪರ್ ಆಡುತ್ತಿದ್ದವು.

2023ರ ಏಪ್ರಿಲ್‌ನಿಂದ ಹಳೆ ಗಾಡಿಗಳ ವ್ಯಾಪಾರಿಗಳಿಗೆ ಹೊಸ ನಿಯಮ ಬಂದಿದೆ. ಅಧಿಕೃತ ವ್ಯಾಪಾರಿಗೆ ಗಾಡಿ ಒಪ್ಪಿಸಿ ಅದನ್ನು ಫಾರಂ 29ಸಿಯಲ್ಲಿ ಇಲಾಖೆಗೆ ತಿಳಿಸಿದರೆ, ಅದು ಮಾರಾಟವಾಗುವ ತನಕ ಆ ವ್ಯಾಪಾರಿಯೇ ಮಾಲೀಕನೆಂದು ಲೆಕ್ಕ. ನನ್ನ ಬ್ರೋಕರಿನಂತೆ ಬಗಲಲ್ಲಿ ಚೀಲ, ಕಿವಿಯಲ್ಲಿ ಪೆನ್ಸಿಲ್ ಇಟ್ಟುಕೊಂಡು ಬರುವವರು ಅಧಿಕೃತರೋ ಅಲ್ಲವೋ ನೀವೇ ಕೇಳಿಕೊಳ್ಳಬೇಕು.

ಈಗ ನಂಬರು ಗೊತ್ತಿದ್ದರೆ ವಾಹನ್ ತಾಣದಲ್ಲಿ ಯಾರ ಗಾಡಿ ಯಾರ ಹೆಸರಿನಲ್ಲಿದೆ ಎಂದು ಮನೆಯಲ್ಲೇ ಕೂತು ನೋಡಬಹುದು. ಹೆಸರಿನ ನಡುನಡುವೆ ನಕ್ಷತ್ರ ಹಾಕಿ ತೋರಿಸುತ್ತದೆ, ಆದರೂ ನಮ್ಮ ಹೆಸರು ನಮಗೆ ಗೊತ್ತಾಗದೆ ಇರುತ್ತದೆಯೇ? ಮೊನ್ನೆ ಮಗಳು ಕೂತು ನಮ್ಮ ಮನೆಯ ಹಳೆಯ ಗಾಡಿಗಳನ್ನೆಲ್ಲ ಹಾಕಿ ನೋಡಿದಳು. ಕಾರು ಭಟ್ಟರದು. ನನ್ನಾಕೆಯ ಸ್ಕೂಟರು ಕೊಂಡವರದು. ಆಗ ನನ್ನಾಕೆ ಅಡುಗೆಮನೆಯಿಂದ, "ಲೂನಾ?" ಎಂದಳು.

ಆದ್ದರಿಂದ ಈ ಪ್ರಕಟಣೆ. 1992ರ ಮಳೆಗಾಲದಲ್ಲಿ, ಸಾಗರದ ಗಣಪತಿ ಕೆರೆಯ ಹತ್ತಿರ ನನ್ನಿಂದ ಒಂದು ಲೂನಾ ಕೊಂಡವರು ಎಲ್ಲಿದ್ದರೂ ದಯವಿಟ್ಟು ಸಂಪರ್ಕಿಸಬೇಕು. ನೀಲಿ ಬಣ್ಣ, ಹಿಂದಿನ ಕ್ಯಾರಿಯರ್ ಸ್ವಲ್ಪ ಎಡಕ್ಕೆ ವಾಲಿತ್ತು. ನಂಬರು ನನಗೆ ಮರೆತುಹೋಗಿದೆ. ನಾನು ಬದುಕಿದ್ದೇನೆ, ಫಾರಂ 29 ನನ್ನ ಹತ್ತಿರ ಇದೆ.